ಸುಂದರವ್ವನ ಮನೆ ಬಿಡುವ ಹೊತ್ತು

ಬೈಲಹೊಂಗಲದ ಸುಂದರವ್ವನ ಮನೆಗೆ ಬೋರ್ಡು ಇಲ್ಲ, ಹೆಸರು ಮಾತ್ರ ಬೇಕಾದಷ್ಟಿವೆ. ಹಗಲೆಲ್ಲ ಅಲ್ಲಿ ಇರುವ ಮಕ್ಕಳಿಗೆ ಅದು ಆಯಿ ಮನೆ. ಓಣಿಯವರಿಗೆ ಕೂಸುಗಳ ಮನೆ. ಮಕ್ಕಳನ್ನು ಬಿಟ್ಟು ಕೆಲಸಕ್ಕೆ ಓಡುವ ಅವ್ವಂದಿರು ಮಾತ್ರ 'ಬೇಬಿ ಸಿಟ್ಟಿಂಗ್' ಅನ್ನುತ್ತಾರೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಸುಂದರವ್ವನ ಗಂಡ ಮಡಿವಾಳೆಪ್ಪನಿಗೆ ನಗು ತಡೆಯುವುದಿಲ್ಲ.

"ಎಲ್ಲೀ ಸಿಟ್ಟಿಂಗ? ಈಕಿಗೆ ಸಿಟ್ಟ ಅನ್ನೂದ ಬರೂದಿಲ್ಲ. ಸಿಟ್ಟಿಲ್ಲದ ಸಿಟ್ಟಿಂಗ ಇದು" ಎಂದು ಬಂದವರ ಮುಂದೆಲ್ಲ ಹೇಳುತ್ತಾನೆ.

ಹೇಳುವುದು ತಮಾಷೆಗೇ, ಆದರೆ ಸುಳ್ಳೇನಲ್ಲ. ಸುಂದರವ್ವ ಹೂಲಿಯಲ್ಲಿ ಹುಟ್ಟಿದವಳು. ಅಲ್ಲಿಯ ಹಳೆ ಗುಡಿಗಳ ಕಟ್ಟೆಯ ಮೇಲೆ ತಮ್ಮಂದಿರನ್ನೂ ತಂಗಿಯರನ್ನೂ ಬಗಲಲ್ಲಿ ಇಟ್ಟುಕೊಂಡೇ ಆಡಿ ಬೆಳೆದವಳು. ಮಕ್ಕಳು ಜಡೆ ಎಳೆದರೂ, ಹಿಟ್ಟಿನ ಡಬ್ಬಿ ಬೋರಲು ಹಾಕಿದರೂ "ಹೋಗ್ಲಿ ಬಿಡು, ಕೂಸು" ಅನ್ನುವುದೊಂದೇ ಅವಳಿಗೆ ಗೊತ್ತು. ಮಗಳು ಶೈಲಜಾ ಮದುವೆಯಾಗಿ ರಾಮದುರ್ಗಕ್ಕೆ ಹೋದ ಮೇಲೆ ಮನೆ ಬಿಕೋ ಅನ್ನುತ್ತಿತ್ತು. ಅದೇ ಸುಮಾರಿಗೆ ಎದುರು ಮನೆಯ ಸಪ್ನಾ ಹೆರಿಗೆ ರಜೆ ಮುಗಿಸಿ ಬ್ಯಾಂಕಿನ ಕೆಲಸಕ್ಕೆ ಮರಳಬೇಕಾಯಿತು. ಅವಳ ಅತ್ತೆಗೆ ಮೊಳಕಾಲು ನೋವು, ಕೂಸಿನ ಹಿಂದೆ ಓಡುವುದಾಗದು. ಸಪ್ನಾ ಕೂಸನ್ನು ಎತ್ತಿಕೊಂಡು ಬಂದು ಸುಂದರವ್ವನ ಬಾಗಿಲಲ್ಲಿ ನಿಂತಳು. ಆ ಕೂಸಿನ ಹಿಂದೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಈಗ ಮಧ್ಯಾಹ್ನ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರನ್ನೂ ಮಲಗಿಸಿದರೆ ಕಾಲಿಡಲು ಜಾಗವಿರುವುದಿಲ್ಲ.

ಮುಂಜಾನೆ ತಂದು ಬಿಡುವ ಹೊತ್ತಿನ ಬಗ್ಗೆ ಯಾರಿಂದಲೂ ತಕರಾರಿಲ್ಲ. ಕೆಲಸಕ್ಕೆ ತಡವಾದರೆ ಸಾಹೇಬರು ಕೇಳುತ್ತಾರಲ್ಲ, ಎಲ್ಲರೂ ಗಡಿಯಾರ ನೋಡಿಕೊಂಡೇ ಬರುತ್ತಾರೆ. ತೊಂದರೆಯೆಲ್ಲ ಸಂಜೆಯದು. ಸಂಜೆ ತಡವಾದರೆ ಕೇಳಬೇಕಾದವಳು ಸುಂದರವ್ವ, ಮತ್ತು ಸುಂದರವ್ವನ ಬಾಯಿಂದ ಬರುವುದು ಒಂದೇ ಮಾತು: "ಬರ್ರಿ, ಕುಂದರ್ರಿ, ಚಾ ಕುಡದ ಹೋಗ್ರಿ."

ಸಂಜೆ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಅವಳಿಗೆ ಬಾರದು. ಹೊತ್ತಿಗೆ ಸರಿಯಾಗಿ ಬಂದವರು ನಿಂತ ಕಾಲಲ್ಲೇ ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದರು. ತಡವಾಗಿ ಬಂದವರಿಗೆ ಚಾ, ಜೊತೆಗೆ ಒಂದು ಬಟ್ಟಲು ಚುರುಮುರಿ! ಇಂಥ ಮನೆಗೆ ಯಾರು ತಾನೇ ಹೊತ್ತಿಗೆ ಬಂದಾರು? ಗೊಬ್ಬರದ ಅಂಗಡಿಯ ನಿಂಗರಾಜನಂತೂ ಬಾಯಿ ಬಿಟ್ಟು ಹೇಳಿಯೇಬಿಟ್ಟಿದ್ದ. ಅವನ ಹೆಂಡತಿ ಕಿತ್ತೂರಿನ ಸಾಲೆಯೊಂದರಲ್ಲಿ ಟೀಚರು, ಮಗನನ್ನು ಕರೆದೊಯ್ಯುವ ಕೆಲಸ ಅವನದು.

"ಅಕ್ಕಾರ, ಖರೇ ಹೇಳ್ತೇನಿ. ಲಗೂ ಬಂದ್ರ ನಿಮ್ಮ ಕೈ ಚಾ ತಪ್ಪತೈತಿ. ಅದಕ್ಕ ಬೇಕಂತ ಹೊತ್ತ ಮಾಡಿ ಬರತೇನಿ."

ಸುಂದರವ್ವ ನಕ್ಕು ಇನ್ನೊಂದು ಚಮಚೆ ಸಕ್ಕರೆ ಹಾಕಿದಳು. ಆದರೆ ಅವಳ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು.

ಯಾಕೆಂದರೆ ಅವಳಿಗೂ ಹೋಗಬೇಕಾದ ಕಡೆಯೊಂದಿತ್ತು. ಮಡಿವಾಳೆಪ್ಪ ಸರಕಾರಿ ಬಸ್ಸಿನ ಡ್ರೈವರ್, ಕಟಕೋಳ ವಸ್ತಿ ಗಾಡಿಯವನು. ಮಧ್ಯಾಹ್ನದ ಮೇಲೆ ಬೆಳಗಾವಿ ಬಿಟ್ಟು, ಬೈಲಹೊಂಗಲ, ಸವದತ್ತಿ, ಸಿರಸಂಗಿಯ ಮೇಲೆ ಹಾದು, ಕಟಕೋಳ ಮುಟ್ಟಿ ರಾತ್ರಿ ಅಲ್ಲಿಯೇ ಉಳಿಯುವ ಬಸ್ಸು ಅದು. ರಾತ್ರಿ ಪರವೂರಲ್ಲಿ ಉಳಿಯುವುದರಿಂದಲೇ ವಸ್ತಿ ಗಾಡಿ ಅಂತ ಹೆಸರು. ನಸುಕಿನಲ್ಲಿ ಬಂದ ದಾರಿಯಲ್ಲೇ ತಿರುಗಿ ಹೊರಡುತ್ತದೆ. ರಜೆಯ ದಿನ ಬಿಟ್ಟರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುವುದು ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ, ಸಂಜೆ ಗಾಡಿ ನಿಂತು ಬಿಡುವ ನಡುವಿನ ಸ್ವಲ್ಪ ಹೊತ್ತು.

ಆ ಹೊತ್ತು ಸುಂದರವ್ವನದು. ಬಿಸಿ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ನಡೆದು ಹೋಗುತ್ತಿದ್ದಳು. ಖಾಲಿ ಬಸ್ಸಿನ ಮುಂದಿನ ಸೀಟಿನಲ್ಲಿ ಇಬ್ಬರೂ ಕೂತು ಉಣ್ಣುವರು. ಮಾತು ಹೆಚ್ಚೇನೂ ಇರುತ್ತಿರಲಿಲ್ಲ. ಚಟ್ನಿ ಖಾರ ಆಗೇತಿ ಅಂತ ಅವನು, ಆಗಿಲ್ಲ ಅಂತ ಅವಳು. ಕಂಡಕ್ಟರ್ ಶಟ್ಟೆಪ್ಪ ಚಾ ಮುಗಿಸಿ ಬಂದು ಸೀಟಿ ಊದಿದರೆ, "ಬರತೇನಿ" ಎಂದು ಅವನು ಗಾಡಿ ಬಿಡುವನು. "ಹುಷಾರ" ಎಂದು ಅವಳು ಇಳಿಯುವಳು. ಇಷ್ಟೇ. ಆದರೆ ಈ ಇಷ್ಟಕ್ಕಾಗಿ ಅವಳು ಮುಂಜಾನೆಯಿಂದ ಕಾಯುತ್ತಿದ್ದಳು. ಮೇಲಾಗಿ ಮಡಿವಾಳೆಪ್ಪನಿಗೆ ಶುಗರ್ ಹತ್ತಿತ್ತು. ಗುಳಿಗೆ ತಗೊಂಡ ಮೇಲೆ ಹೊತ್ತಿಗೆ ಉಣ್ಣಲೇಬೇಕು ಎಂದು ಡಾಕ್ಟರು ಬೈದು ಹೇಳಿದ್ದರು.

ಮಕ್ಕಳನ್ನು ಕರೆದೊಯ್ಯುವವರು ತಡಮಾಡಿದಂತೆಲ್ಲ ಈ ಹೊತ್ತು ಕರಗತೊಡಗಿತು. ಮೊದಮೊದಲು ಅವಳು ಓಡಿ ಹೋಗಿ ಕಿಟಕಿಯಲ್ಲಿ ಬುತ್ತಿ ಕೊಟ್ಟು ಬರುತ್ತಿದ್ದಳು. ಆಮೇಲೆ ವಾರದಲ್ಲಿ ಎರಡು ಮೂರು ಸಲ ಅದೂ ತಪ್ಪಿತು. ಗಾಡಿ ಹೋದ ಮೇಲೆ ಮುಟ್ಟಿ, ಆರಿದ ಬುತ್ತಿಯನ್ನು ತಿರುಗಿ ಮನೆಗೆ ತಂದು ಒಬ್ಬಳೇ ಉಣ್ಣುತ್ತಿದ್ದಳು.

ಎಲ್ಲರಿಗಿಂತ ತಡವಾಗಿ ಬರುವವಳು ಮಾಲಾ. ಸವದತ್ತಿಯ ಒಂದು ಖಾಸಗಿ ದವಾಖಾನೆಯಲ್ಲಿ ನರ್ಸು. ಮಗಳು ಪ್ರಜ್ಞಾ, ಮೂರು ದಾಟಿದ ಬಾಯಾಳಿ ಹುಡುಗಿ. ಮಾಲಾಳಿಗೆ ಫೋನು ಹಚ್ಚಿದರೆ ಯಾವಾಗಲೂ ಒಂದೇ ಉತ್ತರ: "ಬಂದೆ ಅಕ್ಕಾರ, ಇಲ್ಲೇ ಅದೇನಿ." ಇಲ್ಲೇ ಎಂದರೆ ಓಣಿಯ ತುದಿ ಇರಬೇಕೆಂದು ಸುಂದರವ್ವ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ನಿಂತು ನಿಂತು ಕಾಲು ಸೋಲುವುದು. ಕಡೆಗೆ ಮಾಲಾ ಏದುಸಿರು ಬಿಡುತ್ತ ಬಂದು, ಮುಖ ಎತ್ತದೆ ಮಗಳನ್ನು ಎತ್ತಿಕೊಂಡು ಹೊರಡುವಳು. ಅವಳೊಬ್ಬಳು ಮಾತ್ರ ಚಾಕ್ಕೂ ನಿಲ್ಲುತ್ತಿರಲಿಲ್ಲ.

ಪ್ರಜ್ಞಾಳಿಗೆ ಇದೆಲ್ಲ ತನ್ನದೇ ರೀತಿಯಲ್ಲಿ ಅರ್ಥವಾಗಿತ್ತು. ಮುಂಜಾನೆ ಮಾಲಾ ಹೊಸ್ತಿಲಲ್ಲಿ ನಿಂತು "ಬರತೇನಿ ಪುಟ್ಟಿ" ಅಂದರೆ ಸಾಕು, ಗಂಟಲು ಕಿತ್ತುಹೋಗುವ ಹಾಗೆ ಅಳುತ್ತಿದ್ದಳು. ಹೊರಡುವವರು 'ಹೋಗತೇನಿ' ಅನ್ನಬಾರದು, 'ಬರತೇನಿ' ಅನ್ನಬೇಕು ಎಂಬುದು ನಮ್ಮ ಕಡೆಯ ರೂಢಿ. ಅದನ್ನು ಆ ಹುಡುಗಿಗೆ ಯಾರು ಹೇಳಿದ್ದಾರೆ? ಒಂದು ದಿನ ತನ್ನ ಕಣ್ಣೊರೆಸುತ್ತಿದ್ದ ಸುಂದರವ್ವನಿಗೆ ಅವಳೇ ತಿಳಿಸಿ ಹೇಳಿದಳು.

"ಆಯಿ, ಬರತೇನಿ ಅಂದ್ರ ಹೋಗೂದು. ಬಂದೆ ಅಂದ್ರ ಬರೂದಿಲ್ಲ."

ಸುಂದರವ್ವನಿಗೆ ನಗು ಬಂತು. ನಕ್ಕ ಮೇಲೆ ಹುಡುಗಿಯನ್ನು ಬಗಲಿಗೆ ಎಳೆದುಕೊಂಡಳು.

ರಜೆಗೆ ಮನೆಗೆ ಬಂದಾಗ ಮಡಿವಾಳೆಪ್ಪ ಒಂದು ಉಪಾಯ ಹೇಳಿದ. "ನನ್ನ ಗಾಡಿಗೆ ಬಿಡೂ ಹೊತ್ತ ಅಂತ ಒಂದೈತಿ. ನಿನ್ನ ಮನಿಗೂ ಒಂದ ಬಿಡೂ ಹೊತ್ತ ಹೇಳಿಬಿಡು."

ಹೇಳಬೇಕೆಂದು ಸುಂದರವ್ವನೂ ಒಪ್ಪಿದಳು. ಆದರೆ ಓದಿದ ಮಂದಿಗೆ ಗಂಟೆ ಹೇಳಿ ಕಟ್ಟು ಮಾಡುವುದು ಹೇಗೆ? ಬಿರುಸಾದೀತು ಅನ್ನಿಸಿತು. ತನ್ನ ತವರಲ್ಲಿ ಹೇಳುವ ಹಾಗೆ ಮೆತ್ತಗೆ ಹೇಳಿದಳು: "ನಾಳಿಂದ ದೀಪ ಹಚ್ಚೂದ್ರೊಳಗ ಬಂದ ಕೂಸುಗೋಳನ್ನ ಕರಕೊಂಡ ಹೋಗ್ರಿ." ಎಲ್ಲರೂ ತಲೆಯಾಡಿಸಿದರು. ಇಷ್ಟು ಹಗುರಾಗಿ ಮುಗಿಯಿತಲ್ಲ ಎಂದು ಅವಳಿಗೆ ಖುಷಿಯೋ ಖುಷಿ.

ಮರುದಿನ ಹೊತ್ತು ಮುಳುಗುವ ಮೊದಲೇ ದೇವರ ಮುಂದೆ ದೀಪ ಹಚ್ಚಿ ಬಾಗಿಲಿಗೆ ಬಂದು ನಿಂತಳು. ಒಂದು ನರಪಿಳ್ಳೆಯೂ ಇಲ್ಲ.

ಮೊದಲು ಬಂದವಳು ಸಪ್ನಾ. "ನಾ ಹೊತ್ತಿಗೆ ಬಂದೇನ್ರಿ ಅಕ್ಕಾರ. ನಮ್ಮ ಅತ್ತಿ ದೀಪ ಹಚ್ಚೂದ ಟೀವ್ಯಾಗ ಧಾರಾವಾಹಿ ಸುರು ಆಗೂ ಮುಂದ. ಈಗ ಸುರು ಆತ ನೋಡ್ರಿ."

ಆಮೇಲೆ ನಿಂಗರಾಜ ಬಂದ. ಅವನ ಅಂಗಡಿಯಲ್ಲಿ ಸಂಜೆ ದೀಪ ಹಚ್ಚಿ ಊದಿನಕಡ್ಡಿ ಬೆಳಗಿದ ಮೇಲೆ ಗಲ್ಲಾ ಪೆಟ್ಟಿಗೆ ಬಿಟ್ಟು ತಕ್ಷಣ ಏಳುವ ಹಾಗಿಲ್ಲವಂತೆ. ಲಕ್ಷ್ಮಿ ಒಳಗೆ ಬರುವಾಗ ಮಾಲೀಕ ಹೊರಗೆ ಹೋದರೆ ಹೇಗೆ? "ದೀಪ ಹಚ್ಚಿದೆ, ಲಕ್ಷ್ಮವ್ವನ್ನ ಕುಂದರಿಸಿದೆ, ಓಡಿ ಬಂದೆ" ಎಂದು ಚಾಕ್ಕೆ ಕೈ ಚಾಚಿದ.

ಎಲ್ಲರ ಹಿಂದೆ ಮಾಲಾ ಬಂದಳು. ಸುಂದರವ್ವ ಅಂದು ಮೊದಲ ಸಲ ಕೇಳಿಯೇಬಿಟ್ಟಳು. "ಯಾಕ ತಂಗಿ, ನಿಮ್ಮ ಮನ್ಯಾಗ ದೀಪ ಯಾವಾಗ ಹಚ್ಚತೀರಿ?"

ಮಾಲಾ ಕಕ್ಕಾಬಿಕ್ಕಿಯಾದಳು. ಅವರದು ಬೌದ್ಧರ ಮನೆ. "ದಿನಾ ಹಚ್ಚೂ ಪದ್ಧತಿ ಇಲ್ರಿ ಅಕ್ಕಾರ. ಹುಣ್ಣಿವಿಗೊಮ್ಮೆ ಬುದ್ಧನ ಮುಂದ ಮೇಣಬತ್ತಿ ಹಚ್ಚತೇವಿ."

"ಅಯ್ಯ ಶಿವನ! ಹಂಗಾದ್ರ ನೀ ತಿಂಗಳಿಗೊಮ್ಮೆ ಬಂದ ಕರಕೊಂಡ ಹೋಗಾಕ್ಯಾ?" ಎಂದು ಸುಂದರವ್ವ ನಕ್ಕಳು. ಮಾಲಾಳೂ ನಕ್ಕಳು, ನಿಂಗರಾಜ ಚಾ ಚೆಲ್ಲಿಕೊಂಡು ನಕ್ಕ. ಇಷ್ಟು ವರ್ಷ ಒಂದೇ ಊರಲ್ಲಿದ್ದೂ ತಾನು ಬೇರೆಯವರ ಮನೆಯ ಸಂಜೆ ಹೇಗಿರುತ್ತದೆಂದು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ಸುಂದರವ್ವನಿಗೆ ಆಮೇಲೆ ನಾಚಿಕೆಯಾಯಿತು. ದೀಪದ ಲೆಕ್ಕ ಅಲ್ಲಿಗೆ ಬಿಟ್ಟುಹೋಯಿತು. ಬೆಳಗಾವಿಯಲ್ಲಿ ತಡವಾದರೆ ದಂಡ ಹಾಕುತ್ತಾರೆ ಎಂದು ಸಪ್ನಾ ಹೇಳಿದಳು. ಅದನ್ನು ಕೇಳಿದ್ದೇ ನಿಂಗರಾಜ, "ಹಂಗಾದ್ರ ದಂಡ ಕೊಟ್ಟ ಅಂಗಡಿ ಮುಚ್ಚಿಕೊಂಡ ಆರಾಮ ಬರಬಹುದಲ್ಲ!" ಎಂದು ಹಿಗ್ಗಿದ. ಅದೂ ಅಲ್ಲಿಗೇ ಬಿತ್ತು.

ಹೀಗೆ ನಗುನಗುತ್ತ ದಿನಗಳು ಹೋಗುತ್ತಿದ್ದವೇನೋ. ಆದರೆ ಒಂದು ಮುಂಜಾನೆ ಸುಂದರವ್ವ ಪ್ರಜ್ಞಾಳ ತಲೆ ಬಾಚುತ್ತಿದ್ದಾಗ ಶಟ್ಟೆಪ್ಪನ ಫೋನು ಬಂತು.

"ಅವ್ವಾರ, ಗಾಬರಿ ಆಗಬ್ಯಾಡ್ರಿ. ಯಜಮಾನ್ರು ಈಗ ಬರೋಬ್ಬರಿ ಅದಾರ. ನಿನ್ನೆ ಸಂಜಿ ಸಿರಸಂಗಿ ಹತ್ರ ಗಾಡಿ ಬಾಜೂಕ ಹಚ್ಚಿ ಸ್ಟೇರಿಂಗ ಮ್ಯಾಲ ತಲಿ ಇಟ್ಟ ಕುಂತಬಿಟ್ರು. ಮೈಯೆಲ್ಲ ಬೆವರು. ಹಿಂದಿನ ಸೀಟಿನ ಮುದುಕಿ ಚೀಲದಾಗಿಂದ ಬೆಲ್ಲದ ತುಂಡ ತಗದ ಬಾಯಾಗ ಹಾಕಿದ್ಲು. ಆಮ್ಯಾಲ ಹಗರ ಆತು. ಗುಳಗಿ ತಗೊಂಡಿದ್ರು, ಉಂಡಿದ್ದಿಲ್ಲ. ಬುತ್ತಿ ಬಂದಿದ್ದಿಲ್ಲಲ್ರಿ."

ಬುತ್ತಿ ಬಂದಿರಲಿಲ್ಲ. ನಿನ್ನೆ ಗಾಡಿ ಬಿಡುವ ಹೊತ್ತಿಗೆ ಅವಳು ನಿಂಗರಾಜನಿಗೆ ಎರಡನೇ ಕಪ್ಪು ಚಾ ಬಸಿಯುತ್ತಿದ್ದಳು, ಮಾಲಾ 'ಇಲ್ಲೇ' ಇದ್ದಳು.

ಸುಂದರವ್ವ ಬಾಚಣಿಗೆ ಕೆಳಗಿಟ್ಟಳು. ಬಸ್ಸಿನ ತುಂಬ ಮಂದಿ, ಮುಂದೆ ಹಾದಿ, ಅವನ ತಲೆ ಸ್ಟೇರಿಂಗಿನ ಮೇಲೆ. ಅದನ್ನೇ ನೆನೆಸಿ ನೆನೆಸಿ ಅವಳಿಗೆ ಸಿಟ್ಟು ಬಂತು. ಹೌದು, ಸಿಟ್ಟು! ಮಂದಿಯ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಎಂದೂ ಬಾರದ್ದು ಬಂದದ್ದರಿಂದ ಅದನ್ನು ಏನು ಮಾಡಬೇಕೆಂದೇ ತಿಳಿಯದೆ ಒಲೆಯ ಮುಂದೆ ಹೋಗಿ ಸುಮ್ಮನೆ ನಿಂತಳು. ಆಮೇಲೆ ಗಂಡನಿಗೆ ಫೋನು ಮಾಡಿದಳು.

"ನನ್ನ ಕಡೆಯಿಂದ ಆಗೂದಿಲ್ರಿ. ತಾಯಂದಿರ ಮುಖದ ಮ್ಯಾಲ ಬಾಗಲಾ ಹಾಕೂ ಎದಿ ನನಗಿಲ್ಲ" ಎಂದು ಅತ್ತಳು.

ಅವನು ಎಂದಿನ ಹಾಗೆ ತಮಾಷೆ ಮಾಡಲಿಲ್ಲ. "ನೋಡು, ನಾ ಹೊತ್ತಿಗೆ ಗಾಡಿ ಬಿಟ್ರ ಓಡಿ ಬರಾವ್ರು ಬೈತಾರ. ಬೈಲಿ. ನಾ ಬಿಡೂದು ಅವ್ರ ಮ್ಯಾಲಿನ ಸಿಟ್ಟಿಗಲ್ಲ, ಮುಂದಿನ ಊರಾಗ ಹಾದಿ ಕಾಯ್ಕೋತ ನಿಂತಾವ್ರ ಸಲುವಾಗಿ. ನಿನಗೂ ಮುಂದ ಯಾರೋ ಕಾಯಾಕತ್ತಾರ ಅಂತ ಹೇಳು ಅವ್ರಿಗೆ."

ಕಾಯುತ್ತಿದ್ದವನು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಮುಂಜಾನೆ ಮಕ್ಕಳನ್ನು ಬಿಡಲು ಬಂದವರನ್ನೆಲ್ಲ ಸುಂದರವ್ವ ಅಂಗಳದಲ್ಲಿ ನಿಲ್ಲಿಸಿಕೊಂಡಳು. ಗಂಡನಿಗಾದದ್ದನ್ನು ಹೇಳಿದಳು. ಧ್ವನಿ ಮೆತ್ತಗೇ ಇತ್ತು, ಆದರೆ ಚಾದ ಮಾತು ಅದರಲ್ಲಿ ಇರಲಿಲ್ಲ.

"ಆರ ಗಂಟೆಕ್ಕ ನನ್ನ ಮನಿ ಬಿಡತೈತಿ. ಯಾರ ದೀಪಾನೂ ಅಲ್ಲ, ಗಡಿಯಾರದ ಆರು. ಅಷ್ಟ ಹೊತ್ತಿಗೆ ಬಾಗಲಾ ಹಾಕಿ ಬುತ್ತಿ ತಗೊಂಡ ಬಸ್ ಸ್ಟ್ಯಾಂಡಿಗೆ ಹೊಂಡತೇನಿ. ಉಳದ ಕೂಸುಗೋಳು ನನ್ನ ಕೂಡ ಬರತಾವು. ತಡಾ ಆದಾವ್ರು ಅಲ್ಲೇ ಬರ್ರಿ, ಕಟಕೋಳ ವಸ್ತಿ ಗಾಡಿ ಕಡೆ. ಯಾರಿಗರೆ ಆಗೂದಿಲ್ಲಂದ್ರ ಈಗ ಹೇಳ್ರಿ."

ಸಪ್ನಾ ಸುಂದರವ್ವನ ಕೈ ಹಿಡಿದುಕೊಂಡಳು. ಅವಳು ಅಂದಿನಿಂದ ಒಂದು ದಿನವೂ ತಡಮಾಡಿಲ್ಲ.

ಆದರೆ ನಿಂಗರಾಜನಿಗೆ ಈಕೆ ಬಾಗಿಲು ಹಾಕುತ್ತಾಳೆಂದು ನಂಬಿಕೆ ಬರಲಿಲ್ಲ. ಅಂದು ಸಂಜೆ ತನ್ನ ಹೊತ್ತಿಗೇ ಬಂದರೆ ಕೀಲಿ ಜೋತಾಡುತ್ತಿತ್ತು. ಪಾಪ, ಸ್ಟ್ಯಾಂಡಿಗೆ ಓಡಿದ. ಬಸ್ ಸ್ಟ್ಯಾಂಡೆಂದರೆ ಅವನ ಗಿರಾಕಿಗಳು ಅರ್ಧ ಮಂದಿ ಇರುವ ಜಾಗ. ಬೀಜ ಗೊಬ್ಬರ ಒಯ್ದು ಊರಿಗೆ ಹೊರಟವರೆಲ್ಲ "ಏನ್ರಿ ಸಾವಕಾರ, ಯಾರನ್ನ ಹುಡಕಾಕತ್ತೀರಿ?" ಎಂದು ಕೇಳುವವರೇ. "ಮಗನ್ನ" ಎಂದು ಎಷ್ಟು ಮಂದಿಗೆ ಹೇಳಿದನೋ. ವಸ್ತಿ ಗಾಡಿಯ ಮುಂದಿನ ಸೀಟಿನಲ್ಲಿ ಮಗ ಝುಣಕದ ವಡಿ ತಿನ್ನುತ್ತ ಕೂತಿದ್ದ.

"ಇನ್ನೊಂದ ವಡಿ ಕೊಡಲೇನಪಾ?" ಎಂದು ಮಡಿವಾಳೆಪ್ಪ ಹುಡುಗನನ್ನು ಕೇಳಿದ, ಅಪ್ಪನ ಕಡೆ ನೋಡಲೇ ಇಲ್ಲ. ಮರುದಿನದಿಂದ ಆ ಅಪ್ಪನ ಅಂಗಡಿಯ ಲಕ್ಷ್ಮಿ ಬೇಗ ಬಂದು ಕೂರತೊಡಗಿದಳು.

ಉಳಿದದ್ದು ಮಾಲಾ ಒಬ್ಬಳೇ. ನಿಂಗರಾಜ ಸ್ಟ್ಯಾಂಡಿಗೆ ಓಡಿದ ಅದೇ ಸಂಜೆ ಅವಳ ಫೋನೂ ಹತ್ತಿರಲಿಲ್ಲ. ಆರಾಯಿತು. ಸುಂದರವ್ವ ಬಾಗಿಲಿಗೆ ಕೀಲಿ ಹಾಕಿ, ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಪ್ರಜ್ಞಾಳ ಬೆರಳು ಹಿಡಿದು, ನಿಂಗರಾಜನ ಮಗನನ್ನು ಮುಂದೆ ನಡೆಸಿಕೊಂಡು ಹೊರಟಿದ್ದಳು. ಈ ಹುಡುಗಿಯ ಅವ್ವನಿಗೆ ಇಂದು ನಾಲ್ಕು ಮಾತು ಆಡಿಯೇ ತೀರಬೇಕು ಎಂದು ದಾರಿಯುದ್ದಕ್ಕೂ ಬಾಯಲ್ಲಿ ಮಾತು ಜೋಡಿಸಿಕೊಂಡಳು. ಹೊಸದಾಗಿ ಬಂದ ಸಿಟ್ಟು ನೋಡಿ, ಬಳಸದೆ ಬಿಡಲು ಮನಸ್ಸಿರಲಿಲ್ಲ.

ನಿಂಗರಾಜ ಮಗನನ್ನು ಕರೆದುಕೊಂಡು ಹೋದ ಮೇಲೂ ಬಸ್ಸಿನಲ್ಲಿ ಮಡಿವಾಳೆಪ್ಪ ಉಣ್ಣುತ್ತಿದ್ದ. ಪ್ರಜ್ಞಾ ಅವನ ರೊಟ್ಟಿಯ ಅಂಚು ಮುರಿದು ಮುರಿದು ತಿನ್ನುತ್ತ, "ಮುತ್ಯಾ, ಇದನ್ನ ತಿರವಿದ್ರ ಏನಾಕ್ಕೇತಿ?" ಎಂದು ಕಂಡದ್ದನ್ನೆಲ್ಲ ಕೇಳುತ್ತಿದ್ದಳು. ಅಷ್ಟರಲ್ಲಿ ಸವದತ್ತಿಯ ಕಡೆಯಿಂದ ಕಿಕ್ಕಿರಿದ ಬಸ್ಸೊಂದು ಬಂದು ಪಕ್ಕದಲ್ಲೇ ನಿಂತಿತು. ಸುಂದರವ್ವನ ಫೋನು ಗಣಗಣಿಸಿತು.

"ಬಂದೆ ಅಕ್ಕಾರ, ಇಲ್ಲೇ ಅದೇನಿ!"

ಸುಂದರವ್ವ ಕಿಟಕಿಯಿಂದ ನೋಡಿದಳು. ಪಕ್ಕದ ಬಸ್ಸಿನ ಬಾಗಿಲಿನಿಂದ, ಮಂದಿಯ ನಡುವೆ ನುಗ್ಗಿಕೊಂಡು, ಫೋನು ಕಿವಿಗೆ ಒತ್ತಿಕೊಂಡು ಮಾಲಾ ಇಳಿಯುತ್ತಿದ್ದಳು. ಒಂದು ಚಪ್ಪಲಿಯ ಉಂಗುಷ್ಟ ಕಿತ್ತಿತ್ತು. ಇಳಿದವಳೇ ಅದನ್ನು ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮುಂಜಾನೆಯ ಮಾತು ಮರೆತು ದಿನದ ರೂಢಿಯಂತೆ ಗೇಟಿನ ಕಡೆಗೆ ಓಡಲು ನಿಂತಳು. ಅಂದರೆ ದಿನಾಲೂ ಇವಳು ಇಲ್ಲಿಂದ ಮನೆಯ ತನಕ ಓಡುತ್ತಲೇ ಬರುತ್ತಿದ್ದಳು! ಜೋಡಿಸಿಟ್ಟ ನಾಲ್ಕು ಮಾತೂ ಸುಂದರವ್ವನ ಬಾಯಲ್ಲೇ ಸತ್ತವು.

"ಹೌದ ತಂಗಿ, ಇಲ್ಲೇ ಅದಿ" ಎಂದಳು ಫೋನಿನಲ್ಲಿ. "ಓಡಬ್ಯಾಡ. ಎಡಕ್ಕ ಹೊಳ್ಳಿ ನೋಡು."

ಮಾಲಾ ಹೊಳ್ಳಿ ನೋಡಿದಳು. ವಸ್ತಿ ಗಾಡಿಯ ಕಿಟಕಿಯಲ್ಲಿ ಮಗಳ ಮುಖ, ಗಲ್ಲದ ತುಂಬ ಪಲ್ಯ. ಚಪ್ಪಲಿ ಹಿಡಿದ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಅವಳು ಅಲ್ಲೇ ಅತ್ತಳು.

ಬಸ್ಸಿನಲ್ಲಿ ಕೂರಿಸಿ ನೀರು ಕೊಟ್ಟ ಮೇಲೆ ಎಲ್ಲ ಹೇಳಿದಳು. ಮೊದಲು ಗಂಡ ಪರಶು ಬೈಕಿನ ಮೇಲೆ ಕರೆತರುತ್ತಿದ್ದ. ಅವನಿಗೆ ಕಿತ್ತೂರಿನ ಕಡೆ ಕಟ್ಟಡದ ಕೆಲಸ ಹತ್ತಿದ ಮೇಲೆ ಅವಳಿಗೆ ಬಸ್ಸೇ ಗತಿ. ಡ್ಯೂಟಿ ಬಿಟ್ಟು ಎಷ್ಟು ಓಡಿ ಬಂದರೂ ಸಿಗುವುದು ಈ ಬಸ್ಸೇ. ಇದರ ಮೊದಲಿನದು ತಪ್ಪಿಯೇ ಹೋಗುತ್ತದೆ.

"ಹೇಳಬೇಕಿಲ್ಲೇನ ಹುಚ್ಚಿ?"

"ಖರೇ ಹೇಳಿದ್ರ ಕೂಸಿನ್ನ ಇಟಗೊಳ್ಳೂದಿಲ್ಲ ಅಂತೀರೇನೋ ಅಂತ ಅಂಜಿದೆ ಅಕ್ಕಾರ. ಅದಕ್ಕ ಇಲ್ಲೇ ಅದೇನಿ, ಇಲ್ಲೇ ಅದೇನಿ ಅನ್ಕೋತ ಬಂದೆ."

ಮಡಿವಾಳೆಪ್ಪ ಕೈ ತೊಳೆದುಕೊಂಡು ನಗುತ್ತ ಅಂದ: "ದಂಡಕ್ಕಂತ ಬಸ್ ಸ್ಟ್ಯಾಂಡ ಹುಡುಕಿದಿ. ಈಕಿಗೆ ಅದ ಅನುಕೂಲ ಆತಲ್ಲ!"

ಅದು ಖರೆಯೇ ಆಗಿತ್ತು. ನಿಂಗರಾಜನಿಗೆ ಮಾನ ಕಳೆದ ಕಾಯಿದೆಯೇ ಮಾಲಾಳಿಗೆ ಓಟ ತಪ್ಪಿಸುವುದಾಗಿತ್ತು. ಸುಂದರವ್ವ ಅಲ್ಲಿಯೇ ಇನ್ನೊಂದು ಕಟ್ಟು ಹಾಕಿದಳು: ಉಳಿದವರಿಗೆಲ್ಲ ಆರಕ್ಕೆ ಮನೆ, ಮಾಲಾಳಿಗೆ ಬಸ್ ಸ್ಟ್ಯಾಂಡೇ ಮನೆ. ಅವಳು ಇನ್ನು ಮುಂದೆ ತಡವಾದವಳೇ ಅಲ್ಲ. ಹೊತ್ತು ಬೇರೆ, ಅಷ್ಟೇ.

ಅಲ್ಲಿಂದ ಸಂಜೆಗಳು ಹಾದಿಗೆ ಬಂದವು. ಬುತ್ತಿಯಲ್ಲಿ ಒಂದು ಸಣ್ಣ ರೊಟ್ಟಿ ಹೆಚ್ಚಾಯಿತು. ಮಡಿವಾಳೆಪ್ಪನ ಶುಗರ್ ಹತೋಟಿಗೆ ಬಂತು ಎಂದು ಡಾಕ್ಟರು ಹೇಳಿದರು. ಚಟ್ನಿಯ ಜಗಳಕ್ಕೆ ತೀರ್ಪು ಹೇಳಲು ಪ್ರಜ್ಞಾ ಇದ್ದಳು. ಅವಳು ಯಾವಾಗಲೂ ಆಯಿ ಪಕ್ಷ.

ಒಂದು ಸಂಜೆ ಮಾಲಾಳ ಬಸ್ಸು ಬರಲಿಲ್ಲ. ಮಳೆ ಮೋಡ ಕವಿದು ಬೇಗ ಕತ್ತಲಾಗಿತ್ತು. ಶಟ್ಟೆಪ್ಪ ಚಾ ಮುಗಿಸಿ ಬಂದ. ಸೀಟಿ ಊದದೆ ಡ್ರೈವರನ ಮುಖ ನೋಡಿದ. ಮಡಿವಾಳೆಪ್ಪ ಹೆಂಡತಿಯ ಮುಖ ನೋಡಿದ. ಅವನು ಒಂದು ದಿನವೂ ಗಾಡಿ ತಡೆದು ನಿಲ್ಲಿಸಿದವನಲ್ಲ.

"ಹೊಂಡ್ರಿ. ಮುಂದಿನ ಊರಾಗ ಮಂದಿ ನಿಂತಿರತಾರ" ಎಂದು ಸುಂದರವ್ವನೇ ಹೇಳಿ, ಪ್ರಜ್ಞಾಳನ್ನು ಎತ್ತಿಕೊಂಡು ಇಳಿದಳು.

"ಬರತೇನಿ" ಎಂದ ಮಡಿವಾಳೆಪ್ಪ.

ಪ್ರಜ್ಞಾಳ ತುಟಿ ಅದುರಿತು. "ಬರತೇನಿ ಅಂದ್ರ ಹೋಗೂದು."

ಇಂಜಿನು ಗುರುಗುಡುತ್ತಿತ್ತು. ಅವನು ಕಿಟಕಿಯಿಂದ ತಲೆ ಹೊರಹಾಕಿದ. "ಹೌದವಾ, ಹೋಗೂದು. ಆದ್ರ ನಿಮ್ಮವ್ವ ಬರೂ ಹಾದಿ, ನಾ ಹೋಗೂ ಹಾದಿ ಒಂದ. ನಾ ಹೋಗಿ ಆಕಿನ್ನ ಕಳಸತೇನಿ. ನೋಡ್ಕೋತ ಇರು."

ಗಾಡಿ ಹೋಯಿತು. ಸುಂದರವ್ವ ಬೆಂಚಿನ ಮೇಲೆ ಕೂತು ಹುಡುಗಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹನಿ ಬೀಳತೊಡಗಿತು. ಮಾಲಾಳ ಫೋನು ಹತ್ತುತ್ತಿರಲಿಲ್ಲ. ಕೂಸಿಗೆ ಮಾತು ಕೊಟ್ಟು ಹೋದನಲ್ಲ, ಸುಳ್ಳಾದರೆ ಏನು ಹೇಳಲಿ ಎಂದು ಅವಳಿಗೆ ಚಿಂತೆ ಹತ್ತಿತು. ಬಂದ ಒಂದೊಂದು ಬಸ್ಸನ್ನೂ ಇಬ್ಬರೂ ನೋಡಿದರು. ಕಡೆಗೆ ಫೋನು ಬಂತು. ಶಟ್ಟೆಪ್ಪ ಒದರುತ್ತಿದ್ದ.

"ಅವ್ವಾರ, ಎದುರ ಆತ್ರಿ! ಟೈರ ಪಂಕ್ಚರ ಆಗಿ ನಿಂತಿತ್ತಂತ, ಈಗ ಹೊಂಟೈತಿ. ಯಜಮಾನ್ರು ಲೈಟ ಹೊಡದ ನಿಲ್ಲಿಸಿದ್ರು. ಮಾಲಾಬಾಯಾರು ಒಳಗ ಅದಾರ, ಕಿಟಕ್ಯಾಗಿಂದ ಕೈ ಮಾಡಿದ್ರು. ಕೂಸಿಗೆ ಹೇಳ್ರಿ!"

ಸುಂದರವ್ವ ಹೇಳಿದಳು. ಪ್ರಜ್ಞಾ ಅಳಲಿಲ್ಲ, ನಗಲೂ ಇಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತು, ಸವದತ್ತಿಯ ಕಡೆಯಿಂದ ಬಸ್ಸುಗಳು ಒಳಗೆ ಬರುವ ಜಾಗವನ್ನೇ ನೋಡತೊಡಗಿದಳು. ಬಸ್ಸು ಬಂತು. ಮಾಲಾ ಇಳಿದಳು. ಹುಡುಗಿ ಅವ್ವನ ಕಡೆಗೆ ಓಡುವ ಬದಲು ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗಿದಳು: "ಆಯೀ, ಮುತ್ಯಾ ಕಳಿಸಿದ! ಖರೇನ ಕಳಿಸಿದ!"

ಮರುದಿನ ಮುಂಜಾನೆ ಮಾಲಾ ಹೊಸ್ತಿಲಲ್ಲಿ ನಿಂತು, ಅಳುವಿಗೆ ಸಿದ್ಧಳಾಗಿಯೇ, "ಬರತೇನಿ ಪುಟ್ಟಿ" ಅಂದಳು. ಪ್ರಜ್ಞಾ ಆಟಿಕೆಯಿಂದ ತಲೆ ಎತ್ತಿ ಅವ್ವನನ್ನು ಒಂದು ಗಳಿಗೆ ನೋಡಿದಳು.

"ಹೂಂ, ಬಾ" ಎಂದಳು, ಮತ್ತೆ ಆಟಕ್ಕೆ ತಿರುಗಿದಳು.

ಮಾಲಾ ಸುಂದರವ್ವನ ಮುಖ ನೋಡಿದಳು.

ಅಂದು ಸಂಜೆ ಆರಕ್ಕೆ ಮನೆ ಬಿಟ್ಟಿತು. ಬಸ್ಸಿನಲ್ಲಿ ಮೂವರೂ ಉಂಡರು, ಮಾಲಾ ಹೊತ್ತಿಗೆ ಬಂದು ಮಗಳನ್ನು ಎತ್ತಿಕೊಂಡಳು. ಶಟ್ಟೆಪ್ಪ ಸೀಟಿ ಊದಿದ. ಮಡಿವಾಳೆಪ್ಪ ಗೇರು ಹಾಕುತ್ತ ಎಂದಿನಂತೆ "ಬರತೇನಿ" ಅಂದ. ವಸ್ತಿ ಗಾಡಿಯವನ ಹೆಂಡತಿಯಾಗಿ ಸುಂದರವ್ವ ಆ ಮಾತನ್ನು ಎಷ್ಟು ಸಂಜೆ ಕೇಳಿದ್ದಳೋ. ಕೇಳಿದಾಗಲೆಲ್ಲ ಅವಳಿಗೂ ಅದು ಹೋಗುವ ಮಾತೇ ಆಗಿತ್ತು. ಅದಕ್ಕೇ 'ಹುಷಾರ' ಎಂದು ಮುಖ ತಿರುಗಿಸಿ ಇಳಿದುಬಿಡುತ್ತಿದ್ದಳು. ಇಂದು ಇಳಿದವಳು ಕಿಟಕಿಯ ಕೆಳಗೆ ನಿಂತು, ಮುಖ ಎತ್ತಿ ಅವನನ್ನು ನೋಡಿದಳು.

"ಹೂಂ, ಬರ್ರಿ" ಎಂದಳು.